ಎಲ್ಲದಕ್ಕೂ ದಾಳ ಹಾಕಿಸಬೇಡಿ

ಹೊಸದಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕುತ್ತಾ ಎಲ್ಲರೂ ಸೇರಿ ಕಥೆ ಕಟ್ಟುವ ಆಟ) ನಡೆಸುವವರಿಗೆ ಒಂದು ಮಾತು. ಸೋತರೂ ಕಥೆಯಲ್ಲಿ ಏನೂ ಬದಲಾಗುವುದಿಲ್ಲ ಅಂದರೆ ದಾಳ ಬೇಡ. ಸುಮ್ನೆ "ಆಯ್ತು, ಬಾಗಿಲು ತೆರೆಯಿತು" ಅನ್ನಿ. ನಾನು ಮೊದಲ ಸಲ ನಡೆಸಿದಾಗ ಒಂದು ಬೀಗಕ್ಕೇ ಅರ್ಧ ಗಂಟೆ ಹೋಗಿತ್ತು!

ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಗೆದ್ದಂತೆಯೇ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. 2014ರ ಐದನೇ ಆವೃತ್ತಿಯಲ್ಲಿ ಅದು ದಾಳಿಗೆ ಅನ್ವಯಿಸುತ್ತದೆ, ಮಾತುಕತೆ, ಬೀಗ ತೆರೆಯುವಂಥ ಕೌಶಲಗಳಿಗಲ್ಲ. ರಾಜನ ಹತ್ತಿರ ಸಿಂಹಾಸನ ಕೇಳಿ 20 ಹಾಕಿದರೂ ಅವನು ಕೊಡಬೇಕಿಲ್ಲ. ತಮಾಷೆ ಅಂದುಕೊಂಡು ನಗಬಹುದು, ಕೇಳಿದವನ ತಲೆ ಉಳಿಯುತ್ತದೆ.

ಅಡಗಿರುವ ಶತ್ರು ಕಾಣಿಸಿತಾ ಅನ್ನುವುದಕ್ಕೆ ದಾಳ ಹಾಕಿಸುವ ಬದಲು, 10ಕ್ಕೆ ಪಾತ್ರದ ಪರ್ಸೆಪ್ಷನ್ (ಸುತ್ತಲಿನದನ್ನು ಗಮನಿಸುವ ಕೌಶಲ) ಅಂಕ ಕೂಡಿಸಿ ಮೊದಲೇ ಬರೆದಿಟ್ಟುಕೊಳ್ಳಿ. ದಾಳ ಹಾಕಿ ಅಂದ ಕೂಡಲೇ ಎಲ್ಲರಿಗೂ ಅನುಮಾನ ಬರುತ್ತದೆ, ಅಲ್ವಾ?