ಉತ್ತರ ತುದಿಯ ಕಾಳಗಗಳನ್ನು ಓದುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗರು ಯುದ್ಧ ಅಂದ್ರೆ ಮೊದಲು ಇಸವಿ, ಆಮೇಲೆ ಸೇನಾಪತಿಯ ಹೆಸರು ಬಾಯಿಪಾಠ ಮಾಡುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನ, ಯುರೋಪಿನ ಉತ್ತರ ತುದಿಯ ನಾರ್ವೆ, ಫಿನ್‌ಲ್ಯಾಂಡ್ ಕಡೆಯ ಕಾಳಗಗಳಿಗೆ ಅದು ಸಾಲಲ್ಲ. ಅಲ್ಲಿ ಮೊದಲು ಬೆಳಕು, ದಾರಿ, ಬಂದರು ನೋಡಬೇಕು.

ಮೊಬೈಲಿನ ನಕ್ಷೆ ನೋಡಿ ಕಣ್ಣಳತೆಯಲ್ಲಿ ದೂರ ಹೇಳಬೇಡಿ. ಚಪ್ಪಟೆ ನಕ್ಷೆಯಲ್ಲಿ ಉತ್ತರ ನಾರ್ವೆಯ ನಾರ್ವಿಕ್ ಬಂದರಿನ ಸುತ್ತಲಿನ ಜಾಗ ನಮ್ಮ ಕಡೆಗಿಂತ ಸುಮಾರು ಎರಡೂವರೆ ಪಟ್ಟು ಉದ್ದ ಕಾಣುತ್ತದೆ. ಗ್ಲೋಬ್ ಸಿಕ್ಕರೆ ಅದೇ ವಾಸಿ.

ತಾರೀಖು ಕಂಡ ಕೂಡಲೇ ಅವತ್ತು ಹಗಲೆಷ್ಟು ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಡಿಸೆಂಬರಿಗೂ ಜೂನಿಗೂ ಎರಡು ಗಂಟೆ ವ್ಯತ್ಯಾಸವೂ ಇಲ್ಲ, ಹಾಗಾಗಿ ಈ ಪ್ರಶ್ನೆ ನಮಗೆ ಹೊಳೆಯೋದೇ ಇಲ್ಲ. 1943ರ ಡಿಸೆಂಬರ್ 26ರಂದು ನಾರ್ವೆಯ ಉತ್ತರ ತುದಿಯ ನಾರ್ತ್ ಕೇಪ್ ಹತ್ತಿರದ ಸಮುದ್ರದಲ್ಲಿ ಸೂರ್ಯ ಹುಟ್ಟಲೇ ಇಲ್ಲ. ಆ ಕತ್ತಲಲ್ಲಿ ಜರ್ಮನಿಯ ಶಾರ್ನ್‌ಹಾರ್ಸ್ಟ್ ಯುದ್ಧಹಡಗಿನ ಮುಂಭಾಗದ ರಾಡಾರ್ (ಕತ್ತಲಲ್ಲೂ ಶತ್ರು ಹಡಗನ್ನು ಪತ್ತೆ ಮಾಡುವ ಯಂತ್ರ) ಮೊದಲ ಹೊಡೆತಕ್ಕೇ ಹೋಯಿತು, ಬ್ರಿಟಿಷರ ರಾಡಾರ್ ಉಳಿಯಿತು. ಸಂಜೆಯೊಳಗೆ ಹಡಗು ಮುಳುಗಿತು. ಅದರಲ್ಲಿದ್ದ 1,900ಕ್ಕೂ ಹೆಚ್ಚು ಜನರಲ್ಲಿ ಬದುಕಿದ್ದು 36.

ಈಗ ದಾರಿ. ಹಾಳೆ ಮೇಲೆ ಉದ್ದಕ್ಕೆ ಒಂದೇ ಗೆರೆ ಎಳೆಯಿರಿ, ಎರಡೂ ಕಡೆ ಕಾಡು ಅಂತ ಗೀಚಿ. ಇದು ಫಿನ್‌ಲ್ಯಾಂಡಿನ ರಾತೆ ರಸ್ತೆ, 1940ರ ಜನವರಿ. ದಂಡೆತ್ತಿ ಬಂದ ಸೋವಿಯತ್ ಸೇನೆಯ 44ನೇ ಡಿವಿಷನ್ (ಸಾವಿರಾರು ಸೈನಿಕರ ದಳ) ಟ್ಯಾಂಕು, ಲಾರಿ, ಕುದುರೆ ಸಮೇತ ಈ ಒಂದೇ ರಸ್ತೆ ಮೇಲೆ ಸಾಲಾಗಿ ನಿಂತಿತ್ತು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನವರ ಗತಿ ಗೊತ್ತಲ್ವಾ? ಅಲ್ಲಿ ಪಕ್ಕಕ್ಕೆ ಇಳಿದರೆ ಮೊಣಕಾಲುದ್ದದ ಹಿಮ ಬೇರೆ. ಫಿನ್ನರು ಬಿಳಿ ಬಟ್ಟೆ ಹಾಕಿಕೊಂಡು ಸ್ಕೀ ಮೇಲೆ ಕಾಡಿನಿಂದ ಬಂದು ಸಾಲನ್ನು ತುಂಡು ತುಂಡು ಮಾಡಿದರು. ನಿಮ್ಮ ಗೆರೆಯನ್ನೂ ನಾಲ್ಕೈದು ಕಡೆ ಅಳಿಸಿ. ಒಂದೊಂದು ತುಂಡಿನ ಪಕ್ಕ ಊಟ, ಬೆಂಕಿ, ಮದ್ದುಗುಂಡು ಎಲ್ಲಿಂದ ಬರಬೇಕು ಅಂತ ಬರೆಯಲು ನೋಡಿ, ಬರೆಯೋಕೆ ಏನೂ ಸಿಗಲ್ಲ. ಫಿನ್ನರು ಅಡುಗೆ ಬಂಡಿಗಳನ್ನೇ ಹುಡುಕಿ ಹೊಡೆದದ್ದು ಸುಮ್ನೆ ಅಲ್ಲ. ಆ ಚಳಿಯಲ್ಲಿ ಬಿಸಿ ಊಟ ಇಲ್ಲದೆ ಎಷ್ಟು ದಿನ ತಡೆದಾರು?

ಬಂದರಿಗೆ ನಾರ್ವಿಕ್ ತಗೊಳ್ಳಿ. ಸ್ವೀಡನ್ನಿನ ಕಬ್ಬಿಣದ ಅದಿರು ಬೇಸಿಗೆಯಲ್ಲಿ ಅಲ್ಲಿನ ಲುಲಿಯೊ ಬಂದರಿನಿಂದ ಜರ್ಮನಿಗೆ ಹೋಗುತ್ತಿತ್ತು, ಚಳಿಗಾಲದಲ್ಲಿ ಅಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ರೈಲಿನಲ್ಲಿ ನಾರ್ವಿಕ್‌ಗೆ ಬರುತ್ತಿತ್ತು. ಜಗಳ ಅದಕ್ಕೇ. ಇಲ್ಲಿ ಇನ್ನೊಂದು ಕೆಲಸ ಮಾಡಿ: ಅದೇ ವಾರ ಬೇರೆ ಕಡೆ ಏನಾಗ್ತಿತ್ತು ಅಂತ ಅಂಚಿನಲ್ಲಿ ಬರೆದುಕೊಳ್ಳಿ. ಮಿತ್ರಪಡೆಗಳು (ಬ್ರಿಟನ್, ಫ್ರಾನ್ಸ್ ಕಡೆಯವು) 1940ರ ಮೇ 28ಕ್ಕೆ ಜರ್ಮನರಿಂದ ಊರು ಗೆದ್ದವು, ಜೂನ್ 8ರ ಹೊತ್ತಿಗೆ ಬಿಟ್ಟು ಹೊರಟವು. ಅಷ್ಟೊತ್ತಿಗೆ ಫ್ರಾನ್ಸ್ ಕುಸಿಯುತ್ತಿತ್ತು.