ಕಥೆ ಬರಿಯೋಕೆ ನಾನ್ಯಾರು ಅನ್ನೋ ಅನುಮಾನ

ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು, ಬರಿಯೋದು ಕನ್ನಡದಲ್ಲಿ ಸಣ್ಣಕಥೆ. ವಿಶೇಷಾಂಕದಲ್ಲಿ ಕಥೆ ಬಂದಾಗ ಖುಷಿಗಿಂತ ಮುಂಚೆ ತಲೆಗೆ ಬರ್ತಿದ್ದಿದ್ದು, ಪಾಪ ಎಡಿಟರ್‌ಗೆ ಪುಟ ತುಂಬಿಸ್ಬೇಕಿತ್ತೇನೋ, ಅರ್ಜೆಂಟಲ್ಲಿ ನಂದು ಹಾಕಿದಾರೆ ಅಂತ. ಯಾರಾದ್ರೂ ಚೆನ್ನಾಗಿದೆ ಅಂದ್ರೆ ದಾಕ್ಷಿಣ್ಯಕ್ಕೆ ಅಂದ್ರು, ಸುಮ್ನಿದ್ರೆ ಮಾತ್ರ ನಿಜ ಹೇಳ್ತಿದಾರೆ ಅಂತ ಲೆಕ್ಕ.

ಇಂಪೋಸ್ಟರ್ ಸಿಂಡ್ರೋಮ್ ಅಂತ ಎಲ್ರೂ ಅಂತಾರಲ್ಲ, ಅದನ್ನ 1978ರಲ್ಲಿ ಮೊದ್ಲು ಬರೆದಿದ್ದು ಪೌಲೀನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನೋ ಅಮೆರಿಕದ ಇಬ್ರು ಸೈಕಾಲಜಿಸ್ಟ್‌ಗಳು, ಅದೂ ದೊಡ್ಡ ದೊಡ್ಡ ಓದು, ಕೆಲಸ ಎಲ್ಲಾ ಮಾಡಿರೋ ಹೆಂಗಸರ ಬಗ್ಗೆ. ಗೆದ್ರೆ ಅದೃಷ್ಟ, ನನ್ ಬಂಡವಾಳ ಇವತ್ತಲ್ಲ ನಾಳೆ ಬಯಲಾಗತ್ತೆ ಅನ್ನೋ ಭಯ. ಓದಿ ಸಮಾಧಾನ ಆಯ್ತು, ಆದ್ರೆ ಕಾಟ ಏನೂ ಕಮ್ಮಿ ಆಗ್ಲಿಲ್ಲ.

ಹೋಗ್ಲಿ ಬಿಡಿ ಮನಸ್ಸಿನ ಕಾಟ, ಅದು ನನ್ ಕಥೇನ ಹಾಳು ಮಾಡ್ತಿತ್ತು. ಮೊದಲ ಡ್ರಾಫ್ಟಲ್ಲಿ 'ಅಜ್ಜಿ ಜಗಲಿ ಮೇಲೆ ಅಡಿಕೆ ಸುಲೀತಾ ಕೂತಿದ್ಲು' ಅಂತ ಇರ್ತಿತ್ತು. ಆಮೇಲೆ ಇದೇನ್ ಸಾಹಿತ್ಯನಾ ಅಂತ ಡೌಟ್ ಬಂದು 'ಅಜ್ಜಿ ಅಡಿಕೆ ಸುಲಿಯುವ ಕಾಯಕದಲ್ಲಿ ತಲ್ಲೀನಳಾಗಿದ್ದಳು' ಅಂತ ಮಾಡ್ತಿದ್ದೆ. ಅಲ್ಲಿಗೆ ಅಜ್ಜೀನೂ ಹೋದ್ಲು ಅಡಿಕೇನೂ ಹೋಯ್ತು. ಅದಕ್ಕೆ ಈಗ ಡ್ರಾಫ್ಟ್ ಮುಗಿದ ಮೇಲೆ ಫೋನಲ್ಲಿ ಓದಿ ರೆಕಾರ್ಡ್ ಮಾಡ್ಕೊಂಡು ಬಸ್ಸಲ್ಲಿ ಹೋಗ್ತಾ ಕೇಳ್ತೀನಿ, ನನ್ ಬಾಯಿಗೇ ಒಗ್ಗದೆ ಇರೋ ಸಾಲು ಎಲ್ಲಿದ್ಯೋ ಅಲ್ಲಿ ಹೆದರ್ಕೊಂಡು ಬರ್ದಿದೀನಿ ಅಂತ ಅರ್ಥ, ಅದನ್ನ ಹಳೇದಕ್ಕೇ ವಾಪಸ್ ತರ್ತೀನಿ.

ಕನ್ನಡ ಎಂಎ ಮಾಡಿಲ್ವಲ್ಲಾ ಅನ್ನೋ ಕೊರಗು ಬೇರೆ ಇತ್ತು. ಮಾಸ್ತಿ ಮಾಡಿದ್ದು ಇಂಗ್ಲಿಷ್ ಎಂಎ, ಕೆಲಸ ಮೈಸೂರು ಸರ್ಕಾರದಲ್ಲಿ ಅಧಿಕಾರಿ. ಕಾರಂತರು ಕಾಲೇಜನ್ನೇ ಅರ್ಧಕ್ಕೆ ಬಿಟ್ಟೋರು. ಒಬ್ರಿಗೆ 1983ರಲ್ಲಿ, ಇನ್ನೊಬ್ರಿಗೆ 1977ರಲ್ಲಿ ಜ್ಞಾನಪೀಠ. ಇಷ್ಟು ನೆನಪಾದ್ರೆ ಸಾಕು, ಆ ಒಂದು ಕೊರಗು ಬಾಯ್ ಮುಚ್ಚತ್ತೆ.

ಆದ್ರೆ ದೊಡ್ಡೋರಿಗೂ ಡೌಟ್ ಇತ್ತು ಅನ್ನೋ ಕಥೆಗಳಿಂದ ನಂಗೆ ಅಂಥ ಉಪಯೋಗ ಏನೂ ಆಗಿಲ್ಲ, ಅವ್ರು ದೊಡ್ಡೋರು ಸ್ವಾಮಿ, ನಾನೆಲ್ಲಿ! ಜಾನ್ ಸ್ಟೈನ್‌ಬೆಕ್ 1938ರಲ್ಲಿ ಕಾದಂಬರಿ ಬರೀತಾ ಬರೀತಾನೇ ತಾನು ಲೇಖಕನೇ ಅಲ್ಲ, ಎಲ್ರನ್ನೂ ಯಾಮಾರಿಸ್ತಿದೀನಿ ಅಂತ ಡೈರೀಲಿ ಬರ್ಕೊಂಡಿದ್ದ, ಅದೇ ಕಾದಂಬರಿಗೆ 1940ರಲ್ಲಿ ಪುಲಿಟ್ಜರ್ ಬಂತು. ಎಲ್ರೂ ಆ ಗೋಳನ್ನಷ್ಟೇ ಹೇಳ್ತಾರೆ. ನಂಗೆ ಹಿಡಿಸಿದ್ದು ಆ ಡೈರಿ ಇಟ್ಕೊಂಡಿದ್ದ ರೀತಿ. ಇವತ್ತು ಎಷ್ಟು ಬರ್ದೆ, ನಾಳೆ ಏನು ಬರೀಬೇಕು, ಅಂಥ ದಿನಚರಿ ಅದು, ಗೋಳು ನಡುವೆ ಬಂದು ಹೋಗತ್ತೆ ಅಷ್ಟೇ. ಅದನ್ನ ನಾನೂ ಕಾಪಿ ಹೊಡ್ದೆ. ಒಂದು ಸಣ್ಣ ನೋಟ್‌ಬುಕ್ಕು, ಅದ್ರಲ್ಲಿ ಆವತ್ತಿನ ಕೆಲಸ ಮಾತ್ರ: 'ಸಂತೆ ಸೀನ್ ಅರ್ಧ ಆಯ್ತು, ತಮ್ಮನ ಮಾತು ಉದ್ದ ಆಗಿದೆ.' ಚೆನ್ನಾಗಿದ್ಯಾ ಇಲ್ವಾ ಅಂತ ಬರಿಯೋ ಹಾಗಿಲ್ಲ.

ಇದ್ರಿಂದ ಒಂದು ಗೊತ್ತಾಯ್ತು. ನಂಗೆ ಬರಿಯೋಕ್ ಬರಲ್ಲ ಅನ್ನೋ ಮಾತಿಗೆ ಮುಂದೇನೂ ಮಾಡಕ್ಕಾಗಲ್ಲ, ತಮ್ಮನ ಮಾತು ಉದ್ದ ಆಯ್ತು ಅಂದ್ರೆ ಕೂತು ಕತ್ತರಿಸ್ಬಹುದು. ಅದಕ್ಕೇ ಡೌಟ್ ಬಂದಾಗೆಲ್ಲಾ, ಸರಿ, ಯಾವ ಪ್ಯಾರಾ, ತೋರ್ಸು ಅಂತೀನಿ. ಎಷ್ಟೋ ಸಲ ತೋರ್ಸೋಕೆ ಏನೂ ಇರಲ್ಲ. ಇದ್ದಾಗ ಮಾತ್ರ ಅದು ನಿಜವಾಗ್ಲೂ ಒಳ್ಳೆ ಓದುಗ ಹೇಳೋ ಥರಾನೇ ಇರತ್ತೆ, ಆ ಡೌಟನ್ನ ಓಡ್ಸೋಕೆ ನಂಗೆ ಮನಸ್ಸಿಲ್ಲ.

ಸಾಹಿತ್ಯದ ಕಾರ್ಯಕ್ರಮಗಳಿಗೆ ಹೋಗ್ಬಂದ ರಾತ್ರಿ ಮಾತ್ರ ಯಾವ ಉಪಾಯಾನೂ ನಡಿಯಲ್ಲ. ಪಂಪ, ಕುಮಾರವ್ಯಾಸ ಅಂತ ಬಾಯಿಪಾಠ ಹೇಳೋರ ಮಧ್ಯೆ ಕಾಫಿ ಲೋಟ ಹಿಡ್ಕೊಂಡು ನಕ್ಕೊಂಡು ನಿಂತು ಬಂದಿರ್ತೀನಲ್ಲ, ಆವತ್ತು ಫೈಲ್ ಓಪನ್ನೇ ಮಾಡಲ್ಲ, ಮಾಡಿದ್ರೆ ಅಜ್ಜಿ ಮತ್ತೆ ತಲ್ಲೀನಳಾಗ್ತಾಳೆ.