ಟೈಟಾನಿಯಂ ಘಟಕ: ಯಾವ ಹಂತದಿಂದ ಆರಂಭಿಸಬೇಕು, ಹಣ ಎಲ್ಲೆಲ್ಲಿ ಬೇಕಾಗುತ್ತದೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಎರಕ, ವಾಲ್ವ್ ಹಾಗೂ ಯಂತ್ರಭಾಗಗಳ ಕೆಲಸದಲ್ಲಿ ಪಳಗಿದವರು ಟೈಟಾನಿಯಂ ಬಗ್ಗೆ ಯೋಚಿಸುವುದು ಸಹಜ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು ಸುಮಾರು 7.8. ಸಮುದ್ರದ ನೀರಿಗೂ ಅದು ತುಕ್ಕು ಹಿಡಿಯುವುದಿಲ್ಲ. ಆದರೆ ಯೋಜನೆಗೆ ಕೈಹಾಕುವ ಮೊದಲು ಒಂದು ವಿಷಯ ನಿರ್ಧಾರವಾಗಬೇಕು. ಅದಿರಿನಿಂದ ಸ್ಪಂಜು ರೂಪದ ಲೋಹ ತೆಗೆಯುವುದು, ಸ್ಪಂಜನ್ನು ಕರಗಿಸಿ ಇಂಗಾಟ್ (ಎರಕದ ಲೋಹದ ದಿಮ್ಮಿ) ಮಾಡುವುದು, ಇಂಗಾಟ್ ಅಥವಾ ಸರಳಿನಿಂದ ಭಾಗಗಳನ್ನು ತಯಾರಿಸುವುದು: ಇವು ಮೂರು ಬೇರೆ ಬೇರೆ ಉದ್ಯಮಗಳು, ಇವುಗಳ ಬಂಡವಾಳದ ಪ್ರಮಾಣವೂ ಬೇರೆ. ಬಣ್ಣಕ್ಕೆ ಬಳಸುವ ಬಿಳಿ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಕಾರ್ಖಾನೆ ನಾಲ್ಕನೆಯದು. ಲೋಹದ ಲೆಕ್ಕದಲ್ಲಿ ಅದನ್ನು ಬೆರೆಸಬಾರದು.

ಮೊದಲು ಸ್ಪಂಜಿನ ಲೆಕ್ಕ ಹಾಕಿ ನೋಡೋಣ, ಏಕೆಂದರೆ ಇಡೀ ವೆಚ್ಚದ ಮೂಲ ಅಲ್ಲಿದೆ. ಕೇರಳ, ತಮಿಳುನಾಡು ಮತ್ತು ಒಡಿಶಾದ ಕಡಲತೀರದ ಇಲ್ಮೆನೈಟ್ (ಟೈಟಾನಿಯಂ ಅದಿರು) ಮರಳಿನಿಂದ ಕಬ್ಬಿಣದ ಅಂಶ ಕಳೆದ ಮೇಲೆ, ಅದನ್ನು ಇಂಗಾಲದೊಂದಿಗೆ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕ್ಲೋರಿನ್ ಅನಿಲಕ್ಕೆ ಒಡ್ಡುತ್ತಾರೆ. ಸಿಗುವ ಟೈಟಾನಿಯಂ ಟೆಟ್ರಾಕ್ಲೋರೈಡ್ 136 ಡಿಗ್ರಿಯಲ್ಲಿ ಕುದಿಯುವ ದ್ರವ. ಗಾಳಿಯ ತೇವ ತಾಗಿದರೆ ದಟ್ಟ ಬಿಳಿ ಹೊಗೆಯನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಹೊರಹಾಕುತ್ತದೆ. ಅದನ್ನು ಬಟ್ಟಿ ಇಳಿಸಿ ಶುದ್ಧಗೊಳಿಸಿ, ಆರ್ಗಾನ್ ತುಂಬಿದ ಉಕ್ಕಿನ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಂ ಮೇಲೆ ನಿಧಾನವಾಗಿ ಬಿಟ್ಟಾಗ ಲೋಹ ಸ್ಪಂಜಿನಂತೆ ರಂಧ್ರಮಯವಾಗಿ ಕೂಡುತ್ತದೆ. ಬಳಿಕ ನಿರ್ವಾತದಲ್ಲಿ ಸುಮಾರು 1000 ಡಿಗ್ರಿಗೆ ಕಾಯಿಸಿ ಉಳಿದ ಮೆಗ್ನೀಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್ ಲವಣವನ್ನು ಹೊರತೆಗೆಯಬೇಕು. ಒಂದು ಪಾತ್ರೆಯ ಕೆಲಸ ಮುಗಿಯಲು ಹಲವು ದಿನಗಳು ಹಿಡಿಯುತ್ತವೆ. ವಿಲಿಯಂ ಕ್ರೋಲ್ 1940ರಲ್ಲಿ ಪೇಟೆಂಟ್ ಪಡೆದ ಈ ವಿಧಾನವೇ ಇಂದಿಗೂ ಮುಖ್ಯವಾಗಿ ಚಾಲ್ತಿಯಲ್ಲಿದೆ.

ರಸಾಯನಶಾಸ್ತ್ರದ ಸಮೀಕರಣದ ಪ್ರಕಾರ ಒಂದು ಟನ್ ಟೈಟಾನಿಯಂಗೆ ಸುಮಾರು ಒಂದು ಟನ್ ಮೆಗ್ನೀಸಿಯಂ ಮತ್ತು ನಾಲ್ಕು ಟನ್ ಟೆಟ್ರಾಕ್ಲೋರೈಡ್ ಬೇಕು. ಹೆಚ್ಚುಕಡಿಮೆ ನಾಲ್ಕು ಟನ್ ಮೆಗ್ನೀಸಿಯಂ ಕ್ಲೋರೈಡ್ ಉಳಿಯುತ್ತದೆ. ಇದನ್ನು ವಿದ್ಯುತ್ತಿನಿಂದ ವಿಭಜಿಸಿ ಮೆಗ್ನೀಸಿಯಂ, ಕ್ಲೋರಿನ್ ಎರಡನ್ನೂ ಮರಳಿ ಪಡೆಯದಿದ್ದರೆ ಘಟಕ ಲಾಭದಲ್ಲಿ ನಡೆಯುವುದು ಬಹಳ ಕಷ್ಟ. ಒಂದು ಕಿಲೋ ಮೆಗ್ನೀಸಿಯಂ ಮರಳಿಸಲು 10 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಅಂದರೆ ವರ್ಷಕ್ಕೆ 500 ಟನ್ ಸ್ಪಂಜಿಗೆ ಈ ಒಂದು ಕೆಲಸಕ್ಕೇ 50 ಲಕ್ಷ ಯೂನಿಟ್ ದಾಟುತ್ತದೆ.

ಅದೇ ಸಾಮರ್ಥ್ಯದ ಘಟಕ ಕೇರಳದ ಚವರದಲ್ಲಿದೆ. ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯದ ತಂತ್ರಜ್ಞಾನ ಮತ್ತು ಬಾಹ್ಯಾಕಾಶ ಇಲಾಖೆಯ ಹಣದಿಂದ 2011ರಲ್ಲಿ ಉದ್ಘಾಟನೆಯಾದ ಆ ಘಟಕಕ್ಕೆ ತಗುಲಿದ್ದು ಸುಮಾರು 143 ಕೋಟಿ ರೂಪಾಯಿ. ವಾರ್ಷಿಕ ಒಂದು ಟನ್ ಸಾಮರ್ಥ್ಯಕ್ಕೆ ಸುಮಾರು 28.6 ಲಕ್ಷ ರೂಪಾಯಿಯಾಯಿತು, ಅದೂ ಅಂದಿನ ಬೆಲೆಯಲ್ಲಿ, ಮರಳೂ ಕ್ಲೋರಿನೀಕರಣದ ಅನುಭವವೂ ಪಕ್ಕದಲ್ಲೇ ಇದ್ದಾಗ. ಧಾರವಾಡದಲ್ಲಿ ಇವೆರಡೂ ಇಲ್ಲ. ಕುಡಿಯುವ ನೀರನ್ನೇ ಮಲಪ್ರಭೆಯಿಂದ ತರುವ ಅವಳಿ ನಗರದ ಸಮೀಪ ದೊಡ್ಡ ಪ್ರಮಾಣದ ಕ್ಲೋರಿನ್ ಕೆಲಸ ಕೂಡದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಕರಗಿಸುವ ಘಟಕ. ಟೈಟಾನಿಯಂ 1668 ಡಿಗ್ರಿಯಲ್ಲಿ ಕರಗುತ್ತದೆ, ಕಾದಾಗ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿ ಪೆಡಸಾಗುತ್ತದೆ. ಆದ್ದರಿಂದ ಸಾಮಾನ್ಯ ಇಂಡಕ್ಷನ್ ಭಟ್ಟಿ ಸಾಲದು. ನೀರಿನಿಂದ ತಂಪಾಗಿಸಿದ ತಾಮ್ರದ ಮೂಸೆಯುಳ್ಳ ನಿರ್ವಾತ ಆರ್ಕ್ ಭಟ್ಟಿಯಂಥದ್ದು ಬೇಕು, ವಿಮಾನದ ಭಾಗಗಳಿಗಾದರೆ ಎರಡು ಅಥವಾ ಮೂರು ಸಲ ಕರಗಿಸಬೇಕು. ಮೂಸೆ ತೂತಾಗಿ ನೀರು ಲೋಹಕ್ಕೆ ತಾಗಿದರೆ ಸ್ಫೋಟವಾಗಬಹುದಾದ್ದರಿಂದ ರಕ್ಷಣಾ ಗೋಡೆ ಮತ್ತು ದೂರನಿಯಂತ್ರಣದ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕು. ಹೈದರಾಬಾದಿನ ಸರ್ಕಾರಿ ಲೋಹ ಕಂಪನಿ ಮಿಧಾನಿ ಇಂಥ ಕೆಲಸ ಮಾಡುತ್ತಿದೆ.

ಆದ್ದರಿಂದ ನಮ್ಮ ಭಾಗದ ಉದ್ಯಮಿ ಮೂರನೆಯ ಹಂತದಿಂದ ಆರಂಭಿಸುವುದು ಒಳಿತು: ಪ್ರಮಾಣಪತ್ರವಿರುವ ಸರಳನ್ನು ಕೊಂಡು ವಾಲ್ವ್, ಪಂಪ್ ಮತ್ತು ಶಾಖ ವಿನಿಮಯಕಗಳ ಭಾಗ ತಯಾರಿಸುವುದು. ಈಗಿರುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಗಟ್ಟಿಮುಟ್ಟಾಗಿದ್ದರೆ ಅದನ್ನೇ ಬಳಸಬಹುದು. ಟೈಟಾನಿಯಂ ಶಾಖವನ್ನು ಬೇಗ ಸಾಗಿಸದ ಕಾರಣ ಬಿಸಿಯೆಲ್ಲ ಉಳಿಯ ಅಂಚಿನಲ್ಲಿ ನಿಲ್ಲುತ್ತದೆ. ಹೀಗಾಗಿ ವೇಗ ಕಡಿಮೆ, ಕೂಲಂಟ್ ಧಾರಾಳ, ಉಳಿಗಳ ಖರ್ಚು ಹೆಚ್ಚು. ಒಂದು ಗಂಟೆಗೆ ಎಷ್ಟು ಭಾಗ ಎಂಬ ಉಕ್ಕಿನ ಲೆಕ್ಕವನ್ನು ಇಲ್ಲಿಗೆ ಹಚ್ಚಿದರೆ ಬೆಲೆ ಹೇಳುವಾಗಲೇ ನಷ್ಟ ಶುರುವಾಗುತ್ತದೆ. ಸಣ್ಣ ಸುರುಳಿ ಮತ್ತು ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿ ಹಾಕಬೇಕು. ಕೆಲಸಗಾರರಿಗೆಲ್ಲ ಇದರ ತರಬೇತಿ ಕೊಡಲೇಬೇಕು.

ಯೋಜನಾ ವರದಿಯನ್ನು ಕರ್ನಾಟಕ ಉದ್ಯೋಗ ಮಿತ್ರಕ್ಕೆ, ಸಣ್ಣ ಯೋಜನೆಯಾದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಸಲ್ಲಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಹಾಗೂ ಹೆಸ್ಕಾಂ ಮಂಜೂರಾತಿ ಪಡೆಯಬೇಕು. ವರದಿಯಲ್ಲಿ ಯಂತ್ರದ ಬೆಲೆಗಿಂತ ದುಡಿಯುವ ಬಂಡವಾಳದ ಪುಟವನ್ನು ಎಚ್ಚರದಿಂದ ಬರೆಯಿರಿ. ಸರಳಿಗೆ ಮುಂಗಡ, ಪರೀಕ್ಷೆ, ವಿಮಾನ ಕ್ಷೇತ್ರಕ್ಕೆ ಎಎಸ್ 9100 ಅಥವಾ ವೈದ್ಯಕೀಯ ಭಾಗಗಳಿಗೆ ಐಎಸ್‌ಒ 13485 ಪ್ರಮಾಣಪತ್ರ, ಆ ಬಳಿಕ ಗ್ರಾಹಕರ ಮಾದರಿ ಪರಿಶೀಲನೆ: ಇವೆಲ್ಲ ಮುಗಿಯುವವರೆಗೆ ಹಣ ಹೊರಗೆ ಹೋಗುತ್ತಲೇ ಇರುತ್ತದೆ. ಕತ್ತರಿಸಿ ಉಳಿದ ಟೈಟಾನಿಯಂ ತುಂಡುಗಳನ್ನು ದರ್ಜೆವಾರು ಬೇರ್ಪಡಿಸಿ, ಉಕ್ಕಿನ ಸುರುಳಿ ಬೆರೆಯದಂತೆ ಇಟ್ಟರೆ ಅವಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಆ ಆದಾಯವನ್ನು ಮೊದಲ ದಿನದಿಂದಲೇ ಪ್ರತ್ಯೇಕ ಖಾತೆಯಲ್ಲಿ ಬರೆದಿಡಬೇಕು.